ಗಾಡಿಯ ಮುಂದೆ ನಡೆಯುವವರು

ಆ ದಿನ ಬೆಳಿಗ್ಗೆ ನೀನು ಏರುತ್ತಿದ್ದೆಯೋ ಇಳಿಯುತ್ತಿದ್ದೆಯೋ ಎಂದು ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. ಆಸ್ಪತ್ರೆ ಗಾಡಿ ನಡೆಸುವ ಸಂಘದ ಅಧ್ಯಕ್ಷರು ಕೇಳಿದರು, ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು, ನನ್ನ ಗಂಡ ರುದ್ರೇಶ ತಟ್ಟೆಗೆ ಅನ್ನ ಹಾಕುತ್ತಾ ಕೇಳಿದ. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ, ಗೊತ್ತಿಲ್ಲ ಅಂತ. ಹದಿಮೂರು ಚಳಿಗಾಲ ಅದೇ ರಸ್ತೆಯಲ್ಲಿ ಗಾಡಿ ಓಡಿಸಿದವಳು ಹೀಗೆ ಹೇಳಿದರೆ ಯಾರು ತಾನೇ ಒಪ್ಪುತ್ತಾರೆ? ಕೆಲವರು ಇವಳು ಏನೋ ಮುಚ್ಚಿಡುತ್ತಿದ್ದಾಳೆ ಅಂದುಕೊಂಡರು. ಮುಚ್ಚಿಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅದೇ ನನ್ನ ಕಷ್ಟವಾಗಿತ್ತು.

ನಮ್ಮೂರಿಗೆ ಇರುವುದು ಒಂದೇ ರಸ್ತೆ. ಈ ತುದಿಯಲ್ಲಿ ಪೇಟೆ, ಆ ತುದಿಯಲ್ಲಿ ಆಸ್ಪತ್ರೆ, ನಡುವೆ ಎರಡೂವರೆ ಮೈಲಿ. ಬೇಸಿಗೆಯಲ್ಲೂ ಮಳೆಗಾಲದಲ್ಲೂ ಅದು ಬೇರೆ ಊರಿನ ರಸ್ತೆಗಳ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಆಸ್ಪತ್ರೆ ಕಡೆಗೆ ಏರು, ಪೇಟೆ ಕಡೆಗೆ ಇಳಿಜಾರು. ಚಳಿಗಾಲ ಬಂತೆಂದರೆ ಮಾತ್ರ ಮಗ್ಗುಲು ಬದಲಿಸುತ್ತದೆ. ಇವತ್ತು ಆಸ್ಪತ್ರೆಗೆ ಹೋಗುವುದು ಏರಾಗಿದ್ದರೆ ನಾಳೆ ಅದೇ ದಾರಿ ಇಳಿಜಾರು. ಒಮ್ಮೊಮ್ಮೆ ಮೂರು ದಿನ ಅಲುಗದೆ ಇರುತ್ತದೆ, ಒಮ್ಮೊಮ್ಮೆ ಹಾಡುಹಗಲೇ ಹೊರಳಿಬಿಡುತ್ತದೆ. ಸದ್ದಿಲ್ಲ, ನಡುಕವಿಲ್ಲ. ತರಕಾರಿ ಮಾರುವವರು ಕೈಗಾಡಿಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟಿರುತ್ತಾರೆ. ಮಂಡಿನೋವಿನ ಮುದುಕಿಯರು ಹೊಸಿಲಲ್ಲಿ ನಿಂತು ನಾಲ್ಕು ಹೆಜ್ಜೆ ಇಟ್ಟು ನೋಡಿ, ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಹೋಗುವಾಗಲೂ ಏರು, ಬರುವಾಗಲೂ ಏರು ಸಿಕ್ಕಿ ಶಪಿಸುತ್ತಾ ಮನೆ ಸೇರಿದವರು ಬೇಕಾದಷ್ಟು. ಎರಡೂ ಸಲ ಇಳಿಜಾರೇ ಸಿಕ್ಕವರನ್ನು ಪುಣ್ಯವಂತರು ಎನ್ನುತ್ತೇವೆ.

ಇದರ ಮೇಲೆ ಗಾಜು. ರಾತ್ರಿಯ ಇಬ್ಬನಿ ಡಾಂಬರಿನ ಮೇಲೆ ತೆಳ್ಳಗೆ ಹೆಪ್ಪುಗಟ್ಟಿ, ಕಣ್ಣಿಗೆ ಕಾಣದ ಹಾಗೆ ಹಾಸಿಕೊಳ್ಳುವುದಕ್ಕೆ ನಾವು ಗಾಜು ಎನ್ನುತ್ತೇವೆ. ಬಿಳಿ ಮಂಜಾದರೆ ಕಾಣುತ್ತದೆ, ಎಚ್ಚರ ಮಾಡಿಕೊಳ್ಳಬಹುದು. ಗಾಜು ಒದ್ದೆ ರಸ್ತೆಯ ಹಾಗೆ ಕಪ್ಪಗೆ ಮಿನುಗುತ್ತಿರುತ್ತದೆ, ಕಾಲಿಟ್ಟ ಮೇಲೆಯೇ ಗೊತ್ತಾಗುವುದು.

ಅದಕ್ಕಾಗಿ ಹಿಂದಿನವರು ಒಂದು ಕಟ್ಟಳೆ ಮಾಡಿದ್ದರು. ಚಳಿಗಾಲದಲ್ಲಿ ಗಾಡಿಯ ಮುಂದೆ ಒಬ್ಬರು ನಡೆಯಬೇಕು. ಬೇರೆ ಊರುಗಳಲ್ಲಿ ಮುಂದಾಳು ಎಂದರೆ ನಾಯಕ, ನಮ್ಮಲ್ಲಿ ಗಾಡಿಯ ಮುಂದೆ ಕೋಲು ಹಿಡಿದು ನಡೆಯುವವನು. ತುದಿಗೆ ಕಬ್ಬಿಣ ಕಟ್ಟಿದ ಕೋಲಿನಿಂದ ರಸ್ತೆ ಕುಟ್ಟುತ್ತಾ ಹೋಗುತ್ತಾನೆ. ಸದ್ದು ಕೇಳಿದರೆ ಅವನಿಗೆ ಗಾಜು ಎಲ್ಲಿದೆ ಗೊತ್ತು, ಮಂಡಿಯ ಭಾರದಿಂದ ಏರು ಎಲ್ಲಿ ಮುಗಿಯಿತು ಗೊತ್ತು. ಕೋಲು ಎತ್ತಿದರೆ ನಿಲ್ಲಿಸಬೇಕು. ನನ್ನ ಗಾಡಿಯ ಮುಂದಾಳು ತಿಪ್ಪೇಶಿ. ಐವತ್ತೆಂಟು ವಯಸ್ಸು, ಕಡ್ಡಿಯಂಥ ದೇಹ, ಕಿವಿ ಮುಚ್ಚುವ ಹಾಗೆ ಸುತ್ತಿದ ಕೆಂಪು ಟವೆಲು. ಹನ್ನೊಂದು ಚಳಿಗಾಲ ನಾನು ಅವನ ಬೆನ್ನನ್ನು ನೋಡುತ್ತಾ ಗಾಡಿ ಓಡಿಸಿದ್ದೇನೆ. ನನ್ನ ಗಂಡನ ಬೆನ್ನನ್ನೂ ಅಷ್ಟು ಹೊತ್ತು ನೋಡಿಲ್ಲ.

ಆಗ ಇದ್ದದ್ದು ಹಳೆಯ ವ್ಯಾನು. ಎಂಜಿನ್ನು ಎಳೆಯುತ್ತಿದ್ದದ್ದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಹಿಂದುಗಡೆ ಭಾರ ಇರಲೆಂದು ನಾಲ್ಕು ಮರಳಿನ ಮೂಟೆ ಹಾಕಿರುತ್ತಿದ್ದೆ. ಆದರೂ ಗಾಜಿನ ಮೇಲೆ ಹೊರಟ ಕೂಡಲೇ ಹಿಂದಿನ ಚಕ್ರ ಗಿರ್ರನೆ ತಿರುಗಿ ವ್ಯಾನು ಬಾಲ ಅಲ್ಲಾಡಿಸುತ್ತಿತ್ತು. ಏರಿನಲ್ಲಿ ನರಳುತ್ತಿತ್ತು, ಇಳಿಜಾರಿನಲ್ಲಿ ಹಗುರಾಗಿ ಮುಂದಕ್ಕೆ ವಾಲುತ್ತಿತ್ತು. ಅದನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ.

ಹಿಂದಿನ ಚಳಿಗಾಲದಲ್ಲಿ ಸಂಘದ ಅಧ್ಯಕ್ಷ ಹಾಲಪ್ಪನವರ ತಾಯಿ ಅದೇ ವ್ಯಾನಿನಲ್ಲಿ ಪ್ರಾಣ ಬಿಟ್ಟರು. ಉಸಿರಾಟದ ತೊಂದರೆ. ನಡುದಾರಿಯ ಪಂಪುಮನೆ ದಾಟಿದ ಮೇಲೆ ಏರಿನಲ್ಲಿ ಗಾಜು ಸಿಕ್ಕಿ ಚಕ್ರ ಮುಕ್ಕಾಲು ಗಂಟೆ ನಿಂತಲ್ಲೇ ತಿರುಗಿತು. ತಿಪ್ಪೇಶಿ ತನ್ನ ಕಂಬಳಿಯನ್ನೇ ಚಕ್ರದಡಿ ಹಾಸಿದ, ನಾನು ಮೂಟೆ ಹರಿದು ಮರಳು ಸುರಿದೆ. ಹಾಲಪ್ಪನವರು ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಸಮ, "ದಾಕ್ಷಾಯಿಣಿ, ಎಳೀಲಿ, ಎಳೀಲಿ" ಅನ್ನುತ್ತಿದ್ದರು. ಎಳೆಯಲಿಲ್ಲ. ಆ ಮನುಷ್ಯ ಅಲ್ಲಿಂದ ಇಡೀ ವರ್ಷ ಹೊಸ ಗಾಡಿಯದು ಬಿಟ್ಟು ಬೇರೆ ಮಾತೇ ಆಡಲಿಲ್ಲ. ಎಲ್ಲೆಲ್ಲಿಗೋ ಬರೆದು, ಯಾರ್ಯಾರನ್ನೋ ಕಂಡು, ಈ ಚಳಿಗಾಲದ ಮೊದಲ ವಾರ ಹೊಸ ಗಾಡಿಯನ್ನು ತಂದು ಸಂಘದ ಕಟ್ಟಡದ ಮುಂದೆ ನಿಲ್ಲಿಸಿದರು. ನಾಲ್ಕೂ ಚಕ್ರ ಎಳೆಯುವ ಗಾಡಿ.

ಊರೇ ನೋಡಲು ಬಂತು. ಹಾಲಪ್ಪನವರು ನನ್ನನ್ನು ಕೂರಿಸಿ, ಗಾಜು ಕಟ್ಟಿದ ಏರಿನಲ್ಲಿ ಬೇಕೆಂದೇ ನಿಲ್ಲಿಸಲು ಹೇಳಿ, ಮತ್ತೆ ಹೊರಡು ಅಂದರು. ಹೊರಟಿತು. ಬಾಲ ಅಲ್ಲಾಡಲಿಲ್ಲ, ನರಳಲಿಲ್ಲ. ಒಂದು ಚಕ್ರ ಜಾರಿದರೆ ಅದರ ಪಾಲಿನ ಬಲವನ್ನು ಜಾರದ ಚಕ್ರಕ್ಕೆ ತಾನಾಗಿಯೇ ದಾಟಿಸುತ್ತದಂತೆ. ಸ್ಟೀರಿಂಗಿನ ಹಿಂದೆ ಒಂದು ಹಳದಿ ದೀಪ ಎರಡು ಸಲ ಮಿಟುಕಿತು, ಅಷ್ಟೇ. ಹೊರಗೆ ನಿಂತವರು ಚಪ್ಪಾಳೆ ತಟ್ಟಿದರು. ಹಾಲಪ್ಪನವರು ಕಿಟಕಿ ಕಡೆಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಮೆಕ್ಯಾನಿಕ್ ಜಬ್ಬಾರ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮೊಣಕಾಲೂರಿ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಇದು ಬ್ಯಾಸಿಗೆ ಟೈರು ಅಧ್ಯಕ್ಷರೇ. ಚಳಿಗೆ ಕಲ್ಲಾಗಿಬಿಡ್ತದೆ. ಮೆತ್ತಂದು, ಆಳ ಗೀರಿಂದು ಬೇಕು," ಅಂದ. "ನಾಲ್ಕೂ ಎಳೀವಾಗ ಟೈರಿಂದೇನಪ್ಪ ಅಂಥ ಅವಸರ? ಮುಂದಿನ ವರ್ಷ ನೋಡೋಣ," ಅಂದರು ಹಾಲಪ್ಪನವರು. ನಾನು ಪಕ್ಕದಲ್ಲೇ ಇದ್ದೆ. ಜಬ್ಬಾರ್ ಹೇಳಿದ್ದು ಸರಿಯಿರಬಹುದು ಎನಿಸಿತು, ಹಾಲಪ್ಪನವರು ಹೇಳಿದ್ದೂ ಸರಿ ಎನಿಸಿತು. ಇಬ್ಬರಿಗೂ ತಲೆಯಾಡಿಸಿದೆ.

ಅದೇ ವಾರ ಸಂಘ ಇನ್ನೊಂದು ತೀರ್ಮಾನ ಮಾಡಿತು. ಮುಂದಾಳು ಬೇಡ. ಜಾರದ ಗಾಡಿಯ ಮುಂದೆ ಒಬ್ಬ ನಡೆಯುತ್ತಾ ಹೋದರೆ ಅವನ ವೇಗಕ್ಕೇ ಹೋಗಬೇಕು, ಎರಡೂವರೆ ಮೈಲಿಗೆ ಒಂದು ಗಂಟೆ. ಮತ್ತೆ ಯಾರ ತಾಯಿಯೋ ಸಾಯಬೇಕೇ? ತಿಪ್ಪೇಶಿಗೆ ಶಾಲು ಹೊದಿಸಿದರು. ಅವನು ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ವೇದಿಕೆಯಿಂದ ಕೆಳಗಿಳಿದು ಬಂದು, "ದಾಕ್ಷಮ್ಮ, ಹುಷಾರಾಗಿ ಹೋಗು," ಎಂದ. "ಹೂಂ ಮಾವ," ಅಂದೆ.

ಹದಿನೈದು ದಿನ ನಾನು ರಾಣಿಯ ಹಾಗೆ ಓಡಿಸಿದೆ. ಒಂದು ಗಂಟೆಯ ದಾರಿ ಹತ್ತು ನಿಮಿಷಕ್ಕಿಳಿಯಿತು. ಒಳಗೆ ಬೆಚ್ಚಗಿನ ಗಾಳಿ ಬರುತ್ತಿತ್ತು, ಕಿಟಕಿ ಏರಿಸಿಕೊಂಡರೆ ಹೊರಗಿನ ಯಾವ ಸದ್ದೂ ಇಲ್ಲ. ಏರಿದರೂ ಅಷ್ಟೇ ಸಲೀಸು, ಇಳಿದರೂ ಅಷ್ಟೇ. ಮೊದಮೊದಲು ಪ್ರತಿದಿನ ಹೊರಡುವ ಮುಂಚೆ ಇಳಿದು ನಾಲ್ಕು ಹೆಜ್ಜೆ ನಡೆದು ರಸ್ತೆ ಯಾವ ಕಡೆಗಿದೆ ಎಂದು ನೋಡಿಕೊಳ್ಳುತ್ತಿದ್ದೆ. ಆಮೇಲಾಮೇಲೆ ಅದೂ ಬೇಕೆನಿಸಲಿಲ್ಲ. ತಿಪ್ಪೇಶಿ ಮಾತ್ರ ಅಭ್ಯಾಸ ಬಿಡದೆ ದಿನಾ ಒಂಬತ್ತಕ್ಕೆ ಕೋಲು ಹಿಡಿದು ಮನೆಯಿಂದ ಹೊರಟು ಆಸ್ಪತ್ರೆಯವರೆಗೆ ನಡೆದು ವಾಪಸು ಬರುತ್ತಿದ್ದ. ಯಾವ ಗಾಡಿಯೂ ಹಿಂದಿಲ್ಲದ ಮುಂದಾಳು. ನನ್ನ ಗಾಡಿ ಬಂದಾಗ ಅಂಚಿಗೆ ಸರಿದು ನಿಲ್ಲುತ್ತಿದ್ದ. ನಾನು ಹಾರನ್ ಹೊಡೆದು ಕೈ ಎತ್ತುತ್ತಿದ್ದೆ. ಅವನೂ ಎತ್ತುತ್ತಿದ್ದ. ದಾಟಿದ ಮೇಲೆ ಕನ್ನಡಿಯಲ್ಲಿ ಅವನ ಕೆಂಪು ಟವೆಲು ಚಿಕ್ಕದಾಗುವುದನ್ನು ನೋಡಲು ಯಾಕೋ ಮನಸ್ಸಾಗುತ್ತಿರಲಿಲ್ಲ.

ಆ ದಿನ ಗುರುವಾರ. ಪೇಟೆಯಿಂದ ಹೊರಟಾಗ ಏರು ಇತ್ತು, ಅದು ಮಾತ್ರ ಖಂಡಿತ. ಟೀ ಅಂಗಡಿಯ ಪುಟ್ಟಕ್ಕ ಚೆಲ್ಲಿದ ನೀರು ನನ್ನ ಕಡೆಗೆ ಹರಿದು ಬಂದದ್ದನ್ನು ನೋಡಿದ್ದೇನೆ. ಹಿಂದುಗಡೆ ನಾಲ್ಕು ಜನ ರೋಗಿಗಳು, ಪಕ್ಕದಲ್ಲಿ ಹಾಲಪ್ಪನವರು. ಅವರಿಗೆ ಆಸ್ಪತ್ರೆಯಲ್ಲಿ ಏನೋ ಕೆಲಸವಿತ್ತು. ಹೊಸ ಗಾಡಿಯ ವಿಷಯವೇ ಮಾತಾಡುತ್ತಿದ್ದರು. ಪಂಪುಮನೆಯ ತಿರುವು ನೂರು ಮಾರು ಇದೆ ಎನ್ನುವಾಗ ರಸ್ತೆಯ ನಟ್ಟನಡುವೆ ತಿಪ್ಪೇಶಿ ನಿಂತಿದ್ದ. ಅಂಚಿಗೆ ಸರಿದಿರಲಿಲ್ಲ. ನನ್ನ ಕಡೆ ಮುಖ ಮಾಡಿ ಕೋಲನ್ನು ತಲೆಯ ಮೇಲೆ ಅಡ್ಡ ಎತ್ತಿದ್ದ.

ಬ್ರೇಕ್ ತುಳಿದೆ. ಪೆಡಲು ಕಾಲಡಿಯಲ್ಲಿ ಕಟಕಟ ನಡುಗಿತು. ಗಾಡಿ ನನಗೂ ನಿನಗೂ ಮಾತಿಲ್ಲ ಎನ್ನುವ ಹಾಗೆ ಹೋಗುತ್ತಲೇ ಇತ್ತು. ಇನ್ನೂ ಬಲವಾಗಿ ತುಳಿದೆ. ಏರಿನಲ್ಲಿ ಬ್ರೇಕ್ ತುಳಿದರೆ ಗಾಡಿ ನಿಲ್ಲಲೇಬೇಕಲ್ಲ, ಇದೇಕೆ ವೇಗ ಹೆಚ್ಚುತ್ತಿದೆ ಎಂದು ನನಗೆ ಅರ್ಥವೇ ಆಗಲಿಲ್ಲ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದೆ. ಚಕ್ರ ತಿರುಗಿರಬೇಕು, ಗಾಡಿ ತಿರುಗಲಿಲ್ಲ. ಮೂತಿ ನೇರ ಅವನ ಕಡೆಗೇ. ಆ ಹೊತ್ತಿನಲ್ಲೂ ನನಗೆ ಅನಿಸಿದ್ದು ನೆನಪಿದೆ: ಎಳೆಯುವುದಕ್ಕೆ ಬಂದ ನಾಲ್ಕು ಚಕ್ರ ಈಗೆಲ್ಲಿ ಹೋದವು? ತಿಪ್ಪೇಶಿ ಸರಿಯಲಿಲ್ಲ. ಕೊನೆಯ ಗಳಿಗೆಯಲ್ಲಿ ಅವನ ಮುಖದಲ್ಲಿ ಹೆದರಿಕೆ ಇರಲಿಲ್ಲ, ಒಂದು ಥರ ಗೊಂದಲವಿತ್ತು, ಹೆಸರು ಹಿಡಿದು ಕರೆದರೂ ಪರಿಚಯದವರು ತಿರುಗಿ ನೋಡದಿದ್ದರೆ ಆಗುತ್ತದಲ್ಲ, ಹಾಗೆ. ಆಮೇಲೆ ಒಂದು ಸದ್ದು. ಗಾಡಿ ಅವನನ್ನು ಪಕ್ಕಕ್ಕೆ ಕೆಡವಿ, ರಸ್ತೆಯಂಚಿನ ಮರಳು ಗುಡ್ಡೆಗೆ ನುಗ್ಗಿ ನಿಂತಿತು.

ಇಳಿದು ಓಡಲು ಹೋಗಿ ನಾನೂ ಜಾರಿ ಬಿದ್ದೆ. ಬಿದ್ದವಳು ಎದ್ದಾಗ ಕಂಡದ್ದು: ತಿರುವಿನ ಆಚೆ, ಆಸ್ಪತ್ರೆಗೆ ಬುತ್ತಿ ಒಯ್ಯುವ ಏಳೆಂಟು ಹೆಂಗಸರು ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಗಾಜಿನ ಮೇಲೆ ರಸ್ತೆ ತುಂಬಾ ಹರಡಿಕೊಂಡಿದ್ದರು. ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ನಿಂತಿದ್ದರು. ಅವರಲ್ಲೊಬ್ಬಳು ತಿಪ್ಪೇಶಿಯ ಹೆಂಡತಿ ಗಂಗವ್ವ. ಅವಳು ಕೂತು, ಕೈಯೂರಿಕೊಂಡು, ತೆವಳುತ್ತಾ ಗಂಡನ ಹತ್ತಿರ ಬಂದಳು. ನನ್ನನ್ನು ನೋಡಲಿಲ್ಲ.

ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಕೋಲು ನಡುವಿಗೆ ತುಂಡಾಗಿತ್ತು. ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನು ಮುಂದಾಳಾಗಿ ನಡೆಯುವುದು ಮುಗಿಯಿತು ಎಂದರು ಡಾಕ್ಟರಮ್ಮ.

ಮೂರನೆಯ ದಿನ ಸಂಘದ ಕಟ್ಟಡದಲ್ಲಿ ವಿಚಾರಣೆ ಕೂತಿತು. ವಿಷಯ ಒಂದೇ, ಆ ಹೊತ್ತಿಗೆ ರಸ್ತೆ ಏರೋ ಇಳಿಜಾರೋ. ಏರಾಗಿದ್ದರೆ ಗಾಡಿಯ ತಪ್ಪು, ಇಳಿಜಾರಾಗಿದ್ದರೆ ಇಳಿಜಾರಿನಲ್ಲಿ ಅಷ್ಟು ವೇಗವಾಗಿ ಓಡಿಸಿದ ನನ್ನ ತಪ್ಪು. ಹಾಲಪ್ಪನವರು ಎದ್ದು ನಿಂತು, ಏರೇ ಇತ್ತು, ನಾನು ಬೆನ್ನು ಒರಗಿಸಿಕೊಂಡು ಕೂತಿದ್ದೆ ಎಂದರು. ಪುಟ್ಟಕ್ಕ, ಅದೇ ಹೊತ್ತಿಗೆ ನನ್ನ ಟೀ ಕೆಟಲ್ಲು ಆಸ್ಪತ್ರೆ ಕಡೆಗೆ ಜಾರಿತು, ಇಳಿಜಾರೇ ಅಂದಳು. ಒಬ್ಬ ಸೈಕಲ್ಲಿನವನು ಮೊದಲು ಏರು ಅಂದು, ಆಮೇಲೆ ಇಳಿಜಾರು ಅಂದು, ಕೊನೆಗೆ ಆ ದಿನ ತಾನು ಸೈಕಲ್ಲು ತಂದಿದ್ದೆನೋ ಇಲ್ಲವೋ ಎಂಬಲ್ಲಿಗೆ ಬಂದ. ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದೆ. "ಗೊತ್ತಿಲ್ಲ ಅಂದ್ರೇನಮ್ಮ, ಸ್ಟೀರಿಂಗ್ ಹಿಡಿದಿದ್ದೋಳು ನೀನು," ಎಂದು ಯಾರೋ ಹಿಂದಿನಿಂದ ಗದರಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ದಣಿದರು. ಗಾಡಿ ಹೊರಟ ಮೇಲೆ, ತಿರುವು ಮುಟ್ಟುವ ಮುಂಚೆ, ನಡುದಾರಿಯಲ್ಲೇ ರಸ್ತೆ ಹೊರಳಿದೆ, ತಪ್ಪು ರಸ್ತೆಯದು ಎಂದು ಬರೆದು ಸಹಿ ಹಾಕಿದರು. ನನಗೆ ಎದೆ ಹಗುರಾಯಿತು. ಮನೆಗೆ ಬಂದು ಊಟಕ್ಕೆ ಕೂತೆ. ಊಟ ಮಾಡುತ್ತಿರುವಾಗಲೇ, ಹಗುರಾದದ್ದಕ್ಕೆ ನಾಚಿಕೆಯಾಗಿ ತಟ್ಟೆ ಸರಿಸಿ ಎದ್ದೆ.

ಎಂಟನೆಯ ದಿನ ಆಸ್ಪತ್ರೆಗೆ ನಡೆದುಕೊಂಡು ಹೋದೆ. ತಿಪ್ಪೇಶಿಯ ಕಾಲನ್ನು ಬಿಳಿ ಪ್ಲಾಸ್ಟರಿನಲ್ಲಿ ಎತ್ತಿ ಕಟ್ಟಿದ್ದರು. ಗಂಗವ್ವ ನನ್ನನ್ನು ಕಂಡವಳೇ ಲೋಟ ತೊಳೆಯುವ ನೆಪದಲ್ಲಿ ಹೊರಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಬಾಯಿಂದ ಬಂದದ್ದು ಬೇರೆ.

"ಮಾವ, ನೀನ್ಯಾಕೆ ಸರೀಲಿಲ್ಲ?"

"ಸರೀಬೇಕು ಅಂತ ಅನ್ನಿಸ್ಲೇ ಇಲ್ಲ ಕಣವ್ವ. ಹನ್ನೊಂದು ವರ್ಷ ಕೋಲು ಎತ್ತಿದೀನಿ, ಒಂದು ದಿನಾನಾದ್ರೂ ನೀ ನಿಲ್ಲಿಸ್ದೆ ಇದ್ದೀಯ? ಹಿಂದೆ ಹೆಂಗಸ್ರು ಅವ್ರೆ, ಕೋಲು ಎತ್ತಿದ್ರೆ ದಾಕ್ಷಮ್ಮ ನಿಲ್ಲಿಸ್ತಾಳೆ. ಅಷ್ಟೇ ನನ್ನ ತಲೇಲಿದ್ದದ್ದು."

"ನಾನು ತುಳಿದೆ ಮಾವ. ಪೂರ್ತಿ ತುಳಿದೆ."

"ತುಳಿದಿರ್ತೀಯ. ನಾನೇನು ತುಳೀಲಿಲ್ಲ ಅಂದ್ನಾ?" ಎಂದು, ಆಮೇಲೆ ಏನೋ ಹೊಳೆದವನಂತೆ ಕೇಳಿದ: "ಅಲ್ಲ, ಏರಿನಾಗೆ ಬೆಕ್ಕಿನಂಗೆ ಹತ್ತೋ ಗಾಡಿ ಯಾಕೆ ನಿಲ್ಲಲಿಲ್ಲ? ನಂಗೂ ತಿಳೀವಲ್ದು. ಮಲಗಿದ್ರೆ ಅದೇ ಯೋಚ್ನೆ."

ನನಗೂ ಅದೇ ಯೋಚನೆ. ಅಲ್ಲಿಂದ ಸೀದಾ ಜಬ್ಬಾರನ ಶೆಡ್ಡಿಗೆ ಹೋದೆ. ಹಾಲಪ್ಪನವರು ಏರು ಅನ್ನುತ್ತಾರೆ, ಪುಟ್ಟಕ್ಕ ಇಳಿಜಾರು ಅನ್ನುತ್ತಾಳೆ, ತಿಪ್ಪೇಶಿ ಹೀಗೆ ಕೇಳುತ್ತಾನೆ, ನನಗೆ ಹುಚ್ಚು ಹಿಡಿಯುತ್ತದೆ ಎಂದು ಹೇಳಿಕೊಂಡೆ. ಜಬ್ಬಾರ್ ಶೆಡ್ಡಿನಲ್ಲೇ ನಿಂತಿದ್ದ ಎರಡೂ ಗಾಡಿಗಳ ಕೀಲಿಕೈ ತೆಗೆದುಕೊಂಡ. ಶೆಡ್ಡಿನ ಹಿಂದೆ ಸಮತಟ್ಟಾದ ಮೈದಾನವಿದೆ. ರಸ್ತೆ ಹೊರಳಿದರೂ ಅದು ಹೊರಳುವುದಿಲ್ಲ. ಅಲ್ಲಿಯೂ ಗಾಜು ಕಟ್ಟಿತ್ತು. ಒಂದು ಡಬ್ಬ ಇಟ್ಟು, "ಮೊದ್ಲು ಹಳೇದು ಓಡ್ಸು. ಡಬ್ಬ ಬಂದಾಗ ಬ್ರೇಕ್ ಹಾಕು," ಅಂದ.

ಹಳೆಯ ವ್ಯಾನು ಹೊರಡುವುದಕ್ಕೇ ಒದ್ದಾಡಿತು. ಬಾಲ ಅಲ್ಲಾಡಿಸಿ, ಗಿರಗಿರನೆ ಚಕ್ರ ತಿರುಗಿಸಿ, ಹೇಗೋ ವೇಗ ಪಡೆಯಿತು. ಬ್ರೇಕ್ ಹಾಕಿದ ಮೇಲೆ ಇಪ್ಪತ್ತು ಹೆಜ್ಜೆ ಜಾರಿ ನಿಂತಿತು. ಹೊಸದು ಸುಮ್ಮನೆ ಹೊರಟು, ಅರ್ಧ ದೂರದಲ್ಲೇ ಅದೇ ವೇಗ ಮುಟ್ಟಿತು. ಬ್ರೇಕ್ ಹಾಕಿದೆ. ಜಬ್ಬಾರ್ ಹೆಜ್ಜೆ ಎಣಿಸಿದ. ಇಪ್ಪತ್ತಮೂರು.

"ನೋಡಮ್ಮಾ," ಅಂದ. "ಎಳೆಯೋದಕ್ಕೆ ಇದಕ್ಕೆ ನಾಲ್ಕು ಚಕ್ರ, ಅದಕ್ಕೆ ಎರಡು. ಖರೆ. ನಿಲ್ಲೋದಕ್ಕೆ? ಅದಕ್ಕೂ ನಾಲ್ಕೇ, ಇದಕ್ಕೂ ನಾಲ್ಕೇ. ಬ್ರೇಕ್ ಯಾವಾಗ್ಲೂ ನಾಲ್ಕಕ್ಕೂ ಇತ್ತು. ಅದ್ರಾಗೆ ಹೊಸ್ದು ಏನೂ ಇಲ್ಲ. ಮೇಲಾಗಿ ಇದು ತೂಕ ಜಾಸ್ತಿ. ನೆಲ ಹಿಡಿಯೋದು ಎಂಜಿನ್ ಅಲ್ಲ, ಟೈರು. ತಿರುಗೋದೂ ಅಷ್ಟೇ, ಟೈರು ಹಿಡಿದ್ರೆ ತಿರುಗ್ತದೆ, ಇಲ್ಲಾಂದ್ರೆ ಸೀದಾ ಹೋಗ್ತದೆ."

"ಹಾಗಾದ್ರೆ ಹದಿನೈದು ದಿನ ನನಗೆ ಯಾಕೆ ಗೊತ್ತಾಗಲಿಲ್ಲ?"

"ಹಳೇದು ಹೊರಡೋವಾಗ್ಲೇ ಜಾರಿ ಹೇಳ್ತಿತ್ತು, ಅಮ್ಮಾ ಇವತ್ತು ಗಾಜಿದೆ, ನಿಧಾನ ಅಂತ. ನೀನು ಬೈತಿದ್ದೆ. ಇದು ಹೇಳಲ್ಲ. ಜಾರೋದನ್ನ ತಾನೇ ನುಂಗ್ಕೊಂಡು ಹೋಗ್ತದೆ. ನಿಂಗೆ ಗೊತ್ತಾಗೋದು ಬ್ರೇಕ್ ತುಳಿದಾಗ್ಲೇ. ಅಷ್ಟೊತ್ತಿಗೆ ವೇಗ ಮೈಮೇಲೆ ಬಂದಿರ್ತದೆ."

ಅಂದರೆ ರಸ್ತೆ ಏರೋ ಇಳಿಜಾರೋ ಎಂದು ನನಗೆ ತಿಳಿಯದೆ ಹೋದದ್ದು ಅಚ್ಚರಿಯಲ್ಲ. ತಿಳಿಸುವವರನ್ನೆಲ್ಲ ನಾವು ಒಬ್ಬೊಬ್ಬರನ್ನಾಗಿ ಇಳಿಸಿಬಿಟ್ಟಿದ್ದೆವು. ಆದರೆ ಇಷ್ಟು ತಿಳಿದ ಮೇಲೂ ತಪ್ಪು ಯಾರದೆಂದು ನನಗೆ ತಿಳಿಯಲಿಲ್ಲ. ಹಾಲಪ್ಪನವರ ತಾಯಿ ಸಾಯುತ್ತಿರುವಾಗ ಆ ಮುಕ್ಕಾಲು ಗಂಟೆ ನಾನೂ ಇಂಥದೊಂದು ಗಾಡಿಗಾಗಿ ದೇವರಿಗೆ ಮೊರೆಯಿಟ್ಟಿದ್ದೆನಲ್ಲ.

ಜಬ್ಬಾರ್ ಎಲ್ಲಿಂದಲೋ ಮೆತ್ತನೆಯ ಚಳಿಗಾಲದ ಟೈರು ತರಿಸಿದ. ಹಾಲಪ್ಪನವರೇ ಬಂದು ಅವನ ಜೊತೆ ನಟ್ಟು ಬಿಗಿದರು. ನಾನು ದಿನಾ ಬೆಳಿಗ್ಗೆ ಆ ಮೈದಾನದಲ್ಲಿ ಓಡಿಸಿದೆ. ಹೊರಟ ಕೂಡಲೇ, ಇನ್ನೂ ಮೆಲ್ಲಗಿರುವಾಗಲೇ, ಒಮ್ಮೆ ಬ್ರೇಕ್ ಮುಟ್ಟಿ ನೋಡುವುದು. ತಿರುವಿನ ಒಳಗಲ್ಲ, ತಿರುವು ಬರುವ ಮುಂಚೆಯೇ ವೇಗ ಇಳಿಸುವುದು. ಜಾರಿದಾಗ ಹೆದರಿ ಸ್ಟೀರಿಂಗ್ ಸೆಳೆಯದೆ, ಹೋಗಬೇಕಾದ ಕಡೆಗೆ ಕಣ್ಣಿಟ್ಟು ಮೆತ್ತಗೆ ತಿರುಗಿಸುವುದು. ಹೊಸ ಟೈರಿನಲ್ಲಿ ಡಬ್ಬದಿಂದ ಹನ್ನೆರಡು ಹೆಜ್ಜೆಗೆ ನಿಲ್ಲತೊಡಗಿತು. ಅದಕ್ಕಿಂತ ಕಡಿಮೆ ಆಗಲಿಲ್ಲ.

ಸಂಘ ಮತ್ತೆ ಮುಂದಾಳು ಬೇಕು ಎಂದು ತೀರ್ಮಾನಿಸಿತು. ಆದರೆ ಮುಂದಾಳಾಗಲು ಯಾರೂ ಬರಲಿಲ್ಲ. ಡಂಗುರ ಹೊಡೆಸಿದರು, ಮನೆಮನೆಗೆ ಹೋಗಿ ಕೇಳಿದರು. ಗಟ್ಟಿಮುಟ್ಟಾದ ಗಂಡಸರು ಬೆನ್ನುನೋವು ಅಂದರು, ಕಣ್ಣು ಮಂಜು ಅಂದರು. ನನ್ನೆದುರಿಗೆ ಯಾರೂ ಹೇಳಲಿಲ್ಲ, ಆದರೆ ನನಗೆ ತಿಳಿಯುತ್ತಿತ್ತು. ಅವರು ಹೆದರಿದ್ದು ಗಾಜಿಗಲ್ಲ, ರಸ್ತೆಗಲ್ಲ. ಬೆನ್ನ ಹಿಂದೆ ನಾನು ಬರುತ್ತೇನಲ್ಲ, ಅದಕ್ಕೆ. ಮುಂದಾಳಿಲ್ಲದೆ ಹೊರಡುವುದಿಲ್ಲ ಎಂದು ನಾನೂ ಹಟ ಹಿಡಿದೆ. ಗಾಡಿ ಸಂಘದ ಕಟ್ಟಡದ ಮುಂದೆ ನಿಂತೇ ಇತ್ತು. ರೋಗಿಗಳು ಕೋಲೂರಿಕೊಂಡು ನಡೆದು ಹೋದರು. ನಡೆಯಲಾರದವರನ್ನು ಕಂಬಳಿಯಲ್ಲಿ ಹೊತ್ತರು. ಒಬ್ಬಳು ಬಸುರಿಯನ್ನು ಹಾಗೆ ಹೊತ್ತೊಯ್ಯುವುದನ್ನು ಕಂಡ ದಿನ, ಹಟ ಮಾಡುತ್ತಿರುವುದು ಅವರ ಒಳ್ಳೆಯದಕ್ಕೋ ನನ್ನ ಹೆದರಿಕೆಗೋ ಎಂದು ನನಗೇ ಅನುಮಾನ ಬಂತು. ರುದ್ರೇಶನನ್ನು ಕೇಳಿದೆ. "ಎರಡೂ ಇರಬಹುದು," ಅಂದ.

ತಿಪ್ಪೇಶಿಯನ್ನು ಆಗಲೇ ಹೊತ್ತು ತಂದು ಮನೆಯಲ್ಲಿ ಮಲಗಿಸಿದ್ದರು. ಒಂಬತ್ತನೆಯ ವಾರ ಪ್ಲಾಸ್ಟರು ಬಿಚ್ಚಿಸಬೇಕಿತ್ತು. ಇನ್ನೂ ಚಳಿಗಾಲ ಮುಗಿದಿರಲಿಲ್ಲ. ಹೊತ್ತೊಯ್ದರೆ ಮೂಳೆ ಅಲುಗೀತು, ಗಾಡಿಯಲ್ಲೇ ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿಕಳಿಸಿದ್ದರು. ಬೆಳಿಗ್ಗೆ ನಾಲ್ಕು ಜನ ಅವನನ್ನು ಮಂಚದ ಸಮೇತ ತಂದು ಗಾಡಿಯ ಹಿಂಭಾಗದಲ್ಲಿ ಮಲಗಿಸಿದರು. ಹಾಲಪ್ಪನವರು ಟವೆಲು ಬಿಗಿದುಕೊಂಡು, "ನಾನೇ ಮುಂದೆ ನಡೀತೀನಿ," ಅಂದರು. ಅವರಿಗೆ ಎಪ್ಪತ್ತರ ಹತ್ತಿರ. ಮೂರು ಹೆಜ್ಜೆ ಇಡುವಷ್ಟರಲ್ಲಿ ಜಾರಿ ಜಬ್ಬಾರನ ಮೇಲೆ ಬಿದ್ದರು.

ಆಗ ಗಂಗವ್ವ ಹತ್ತಿರದಲ್ಲೇ ಇದ್ದ ತನ್ನ ಮನೆಯೊಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಒನಕೆ ಇತ್ತು, ತುದಿಗೆ ಕಬ್ಬಿಣದ ಬಳೆ ಹಾಕಿದ ಭತ್ತ ಕುಟ್ಟುವ ಒನಕೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಕಾಲಿಗೆ ಗಂಡನ ಗೋಣಿ ಸುತ್ತಿದ ಚಪ್ಪಲಿ. ಆ ಗುರುವಾರದಿಂದ ಅವಳು ನನ್ನ ಜೊತೆ ಒಂದು ಮಾತು ಆಡಿರಲಿಲ್ಲ. ಈಗಲೂ ಆಡಲಿಲ್ಲ. ನೇರ ಗಾಡಿಯ ಮುಂದೆ ಹೋಗಿ, ನನಗೆ ಬೆನ್ನು ಮಾಡಿ ನಿಂತು, ಒನಕೆಯಿಂದ ನೆಲಕ್ಕೆ ಒಂದು ಪೆಟ್ಟು ಕೊಟ್ಟಳು.

"ಏ ಗಂಗಿ, ನಿಂಗೆ ಬರಾಕಿಲ್ಲ ಕಣೇ," ಎಂದು ತಿಪ್ಪೇಶಿ ಒಳಗಿನಿಂದ ಕೂಗಿದ. ಅವಳು ಹೆಜ್ಜೆ ಇಟ್ಟಾಗಿತ್ತು.

ಕಿಟಕಿ ಪೂರ್ತಿ ಇಳಿಸಿದೆ. ಬಿಸಿಗಾಳಿ ನಿಲ್ಲಿಸಿದೆ. ಹೊರಟೆ, ಬ್ರೇಕ್ ಮುಟ್ಟಿ ನೋಡಿದೆ, ಅವಳಿಗೂ ನನಗೂ ನಡುವೆ ಇಪ್ಪತ್ತು ಹೆಜ್ಜೆ ಬಿಟ್ಟುಕೊಂಡೆ. ರಸ್ತೆ ಏರುತ್ತಿತ್ತೋ ಇಳಿಯುತ್ತಿತ್ತೋ ಎಂದು ಅವಳ ಹಿಮ್ಮಡಿ ನೋಡಿ ತಿಳಿಯಲು ಯತ್ನಿಸಿದೆ. ಒಮ್ಮೆ ಹಾಗೆ ಕಂಡಿತು, ಒಮ್ಮೆ ಹೀಗೆ. ಪುಟ್ಟಕ್ಕನ ಅಂಗಡಿ ದಾಟುತ್ತಿದ್ದ ಹಾಗೆ ಗಂಗವ್ವ ತಟ್ಟನೆ ನಿಂತು ಎಡಗೈ ಎತ್ತಿದಳು. ತುಳಿದೆ. ಪೆಡಲು ನಡುಗಿತು, ಗಾಡಿ ಜಾರಿತು, ನಿಂತಿತು. ಅವಳು ತಿರುಗಿ ನೋಡಲಿಲ್ಲ. ಮತ್ತೆ ನಡೆದಳು. ನಲವತ್ತು ಹೆಜ್ಜೆ ಹೋಗಿ ಮತ್ತೆ ಕೈ ಎತ್ತಿದಳು. ನಿಲ್ಲಿಸಿದೆ. ಅಲ್ಲಿ ಗಾಜು ಇತ್ತೋ, ತಲೆಯ ಶಾಲು ಸರಿಮಾಡಿಕೊಂಡಳೋ, ನನ್ನನ್ನು ಪರೀಕ್ಷೆ ಮಾಡುತ್ತಿದ್ದಳೋ ತಿಳಿಯಲಿಲ್ಲ. ಒಂದು ಸಲ ಸುಮ್ಮನೆ ಕೆಮ್ಮಲು ನಿಂತಳು, ನಾನು ಆಗಲೂ ನಿಲ್ಲಿಸಿದೆ. ಹಿಂದಿನಿಂದ ತಿಪ್ಪೇಶಿ, "ಗಂಗಿಗೂ ಗಾಡಿಗೂ ಎಷ್ಟು ದೂರ ಐತವ್ವ?" ಎಂದು ಪ್ರತಿ ಸಲವೂ ಕೇಳುತ್ತಿದ್ದ. "ಎಂಟು ಹೆಜ್ಜೆ ಮಾವ." "ಏಳು." "ಹತ್ತು." ಅವನು ಹೂಂ ಅನ್ನುತ್ತಿದ್ದ.

ಪಂಪುಮನೆಯ ತಿರುವಿನಲ್ಲಿ ಅವಳು ನಡುರಸ್ತೆಯಲ್ಲಿ ನಿಂತು ಬಹಳ ಹೊತ್ತು ಕೈ ಇಳಿಸಲೇ ಇಲ್ಲ. ನಾನು ನಿಲ್ಲಿಸಿ ಕಾದೆ. ಕಾಲನ್ನು ಬ್ರೇಕಿನ ಮೇಲಿಂದ ತೆಗೆಯಲಿಲ್ಲ. ಆಮೇಲೆ ಅವಳು ಕೈ ಇಳಿಸಿ, ಒನಕೆ ಕುಟ್ಟುತ್ತಾ ತಿರುವು ದಾಟಿದಳು.

ಆಸ್ಪತ್ರೆ ಮುಟ್ಟುವಾಗ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಎಂಜಿನ್ ಆರಿಸಿದೆ. ಕೈಗಳು ಸ್ಟೀರಿಂಗ್ ಬಿಡಲಿಲ್ಲ. ಗಂಗವ್ವ ನನ್ನ ಕಿಟಕಿಯ ಹತ್ತಿರ ಬಂದಳು. ಮುಖ ಚಳಿಗೆ ಕೆಂಪಾಗಿತ್ತು, ಉಸಿರು ಹೊಗೆಯಾಗಿ ಬರುತ್ತಿತ್ತು. ಈಗ ಬೈಯುತ್ತಾಳೆ, ಬೈದುಬಿಡಲಿ ಎಂದು ಕಾದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕೇಳಿದಳು:

"ನಾಳೆ ಎಷ್ಟೊತ್ತಿಗೆ ಹೊರಡೋದು?"

"ಒಂಬತ್ತಕ್ಕೆ," ಅಂದೆ.

ಅವಳು ಒನಕೆಯನ್ನು ನನ್ನ ಪಕ್ಕದ ಸೀಟಿನ ಕೆಳಗೆ ತಳ್ಳಿ, ಗಂಡನನ್ನು ಇಳಿಸಲು ಹಿಂದಿನ ಬಾಗಿಲು ತೆಗೆದಳು.